ಎಲುಬಿಲ್ಲದ್ದು

ಗಾಳಿ ಇನ್ನೂ ಎದ್ದಿರಲಿಲ್ಲ.
ತುರ್ಕಾನಾ ಸರೋವರದ ಪಡುವಣ ದಂಡೆ.
ಕಪ್ಪು ಜಲ್ಲಿಯ ಮೇಲೆ ಬಗ್ಗಿ ನಡೆಯುತ್ತಿದ್ದ ಎವೊಯ್
ಕೈ ಬೆನ್ನ ಹಿಂದೆ ಕಟ್ಟಿ,
ಮದುವೆಮನೆಯಲ್ಲಿ ಬಿದ್ದ ಮೂಗುಬೊಟ್ಟು ಹುಡುಕುವವರ ಹಾಗೆ.
ಹದಿನೇಳು ವರ್ಷದ ಅಭ್ಯಾಸ:
ನೀರಿನಾಚೆಯಿಂದ ಬಿಸಿಲು ಅಡ್ಡ ಬೀಳುವಾಗಲೇ ಹೊರಡಬೇಕು,
ಕಲ್ಲಿನ ನೆರಳು ಒಂದು ಬಗೆ, ಎಲುಬಿನದು ಇನ್ನೊಂದು.
ಯಾರೂ ಕಲಿಸಿದ್ದಲ್ಲ.
ಹಿಕ್ಕೆ ನೋಡಿ ಯಾರ ಮೇಕೆ, ಹೋಗಿ ಎಷ್ಟು ಹೊತ್ತಾಯಿತು
ಅಂತ ಹೇಳುತ್ತಿದ್ದ ಹುಡುಗನಿಗೆ
ಹದಿನೆಂಟು ಲಕ್ಷ ವರ್ಷ ಹಳೆಯ ಜಾಡು
ಅಂಥ ದೊಡ್ಡ ಬಡ್ತಿಯೇನಲ್ಲ.

ಒಣಹೊಳೆಯ ಅಂಚಿನಲ್ಲಿತ್ತು,
ಒಡೆದ ಹೂಜಿಯ ಹಿಡಿಯಂತೆ ಒಂದು ಕಂದು ಕೆಳದವಡೆ.
ಮುಟ್ಟಲಿಲ್ಲ.
ಸುತ್ತ ಮೂರು ಕಲ್ಲಿಟ್ಟು
ಕೆಳಹಲ್ಲಿನ ಸಂದಿಯಿಂದ ಶಿಳ್ಳೆ ಹಾಕಿದ.

ಡೇರೆಯಲ್ಲಿ ಐದು ದಿನ:
ಹಲ್ಲುಜ್ಜುವ ಬ್ರಷ್ಷು, ಜಾಲಿಮುಳ್ಳಿನ ಮೊನೆ, ಅಂಟಿನ ಹನಿ.
ಆರನೆಯ ದಿನ ಡಾಕ್ಟರ್ ಚೆಲಗತ್ ಎಲ್ಲರನ್ನೂ ಕೂರಿಸಿ ಹೇಳಿದಳು:
ವಾನರರ ಹಲ್ಲುಸಾಲು ಎರಡು ಕಡೆಯೂ ಗೋಡೆಯಂತೆ ನೆಟ್ಟಗೆ,
ಇದು ನೋಡಿ, ಬಿಲ್ಲಿನಂತೆ ಬಾಗಿದೆ.
ದವಡೆಹಲ್ಲು ಸಣ್ಣವು.
ಗೆಡ್ಡೆ ಜಜ್ಜುವ ಅರ್ಧ ಕೆಲಸವನ್ನು
ಆಗಲೇ ಯಾವುದೋ ಚೂಪುಗಲ್ಲಿಗೆ ಒಪ್ಪಿಸಿಬಿಟ್ಟವಳು.
ಕೆಳಗೊಂದು ಬೂದಿಯ ಪದರ, ಮೇಲೊಂದು,
ಎರಡು ಜ್ವಾಲಾಮುಖಿಗಳ ಸಾಕ್ಷಿ ಇದೆ ವಯಸ್ಸಿಗೆ.
ಇದೇ ನೀರಿಗೆ ಬರುತ್ತಿತ್ತು ಆಗ
ಬಂಡೆಯಂಥ ದವಡೆಯ ಇನ್ನೊಂದು ಬಳಗ.
ಏಣಿಯ ಚಿತ್ರ ಮರೆತುಬಿಡಿ.
ಒಬ್ಬರ ಹೆಗಲೇರಿ ಒಬ್ಬರು ಬಂದವರಲ್ಲ,
ಒಂದೇ ನೀರಿಗೆ ಎರಡು ಮನೆಯವರು.
ಒಂದು ಮನೆಯ ಒಲೆ ಆರಿತು.
ಯಾಕೆ ಅಂತ ಕೇಳಬೇಡಿ, ಅದನ್ನೇ ಹುಡುಕುತ್ತಿದ್ದೇವೆ.

ಕೆಳಗಿನ ಎರಡು ಮುಂಹಲ್ಲು ಇರಲಿಲ್ಲ.
ಅಡುಗೆಯ ನಪೆಯೊಕ್ ಇಣುಕಿದಳು, ನಕ್ಕೇ ನಕ್ಕಳು:
"ಅಯ್ಯೋ, ಇವಳು ನಮ್ಮವಳೇ!"
ಚಿಕ್ಕಂದಿನಲ್ಲಿ ಅವಳಿಗೂ ಕಿತ್ತಿದ್ದರು ಅದೇ ಎರಡು,
ಜ್ವರದಲ್ಲಿ ದವಡೆ ಕಚ್ಚಿಕೊಂಡರೆ
ಹಾಲು ಹೊಯ್ಯಲೊಂದು ದಾರಿ ಇರಲಿ ಅಂತ.
ತನ್ನ ಸಂದಿ ತೋರಿಸಿದಳು. ಎವೊಯ್ ತನ್ನದು ತೋರಿಸಿದ.
ಡಾಕ್ಟರು ತನ್ನ ತುಂಬಿದ ಸಾಲಿಗೆ ಅಂಗೈ ಅಡ್ಡ ಹಿಡಿದು
"ಸತ್ತ ಮೇಲೆ ಬಿದ್ದಿವೆ, ಗುಳಿ ಮುಚ್ಚಿಲ್ಲ,
ಮರಳು ತುಂಬಿ ಕಲ್ಲಾಗಿದೆ" ಅಂದಳು.
"ಹಾಗಾದರೆ ಇವಳಿಗೆ
ಹಾಲು ಹೊಯ್ಯುವವರು ಯಾರೂ ಇರಲಿಲ್ಲವೇನು?"
ನಪೆಯೊಕ್ ಕೇಳಿದ್ದನ್ನು
ಟಿಪ್ಪಣಿ ಪುಸ್ತಕದಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ರಾತ್ರಿ ಎವೊಯ್ ಕಾವಲು.
ಮರದ ಎಕಿಚೊಲೊಂಗಿನ ಮೇಲೆ ತಲೆಯಿಟ್ಟು
ಪೆಟ್ಟಿಗೆಯ ಪಕ್ಕದಲ್ಲಿ ಎಚ್ಚರ.
ಇವಳಿಗೆ ಗದ್ದವಿಲ್ಲ. ಅದಿನ್ನೂ ಬಂದಿರಲಿಲ್ಲ,
ಎಲ್ಲಕ್ಕಿಂತ ತಡವಾಗಿ ಬಂದದ್ದಂತೆ ಗದ್ದ.
ಮುನಿದ ಮಗುವಿನ ಮುಖ ಎತ್ತಬೇಕಾದರೆ
ಎಲ್ಲಿ ಹಿಡಿಯುತ್ತಿದ್ದರೋ ಆಗ.

ಎಲುಬಿಲ್ಲದ ನಾಲಿಗೆ,
ಅದಕ್ಕೇ ಬೇಕಾದ ಹಾಗೆ ಹೊರಳುತ್ತದೆ ಅನ್ನುತ್ತೇವೆ.
ಅದಕ್ಕೇ ಉಳಿಯುವುದೂ ಇಲ್ಲ.
ಇವಳು ಬೈದದ್ದು,
ಮಕ್ಕಳನ್ನು ಕರೆದದ್ದು, ಕರೆಯಲು ಹೆಸರಿತ್ತೋ ಇಲ್ಲವೋ ಅದು,
ಮೊಸಳೆ ಕಂಡಾಗಿನ ಒಂದು ಕೂಗು,
ಕಲ್ಲಾಗುವ ಜಾತಿಯದಲ್ಲ ಯಾವುದೂ.
ಹೊಸ್ತಿಲು ಸಿಕ್ಕಿದೆ.
ದಾಟಿ ಹೋದದ್ದು ಸಿಕ್ಕಿಲ್ಲ.

ನೈರೋಬಿಯಿಂದ ಪುಟ್ಟ ವಿಮಾನ ಬಂತು.
ದವಡೆಗೆ ಒಂದು ನಂಬರು, ಹತ್ತಿಯ ಹಾಸಿಗೆ, ಎರಡು ಬೀಗ.
ಅದು ಸಿಕ್ಕ ಜಾಗಕ್ಕೆ ಒಂದು ಸಿಮೆಂಟಿನ ಗೂಟ.

ವಾರ ಕಳೆದು ಗೂಟಕ್ಕೆ ನಂಬರು ಬರೆಯಲು ಹೋದರೆ
ಮೂರು ಕಲ್ಲಿನ ನಡುವೆ ಬೆಂಕಿ.
ಮೇಕೆ ಕಾಯುವ ಹುಡುಗಿಯೊಬ್ಬಳು ತಗಡಿನ ಡಬ್ಬಿಯಲ್ಲಿ
ಚಹಾ ಕಾಯಿಸುತ್ತಿದ್ದಾಳೆ.
ಬಾಯಿಗೆ ಬಂದ ಹಾಗೆ ಬೈದ ಎವೊಯ್:
ಇದೇನು ನಿಮ್ಮಪ್ಪನ ಅಡುಗೆಮನೆಯೇ?
ಹುಡುಗಿ ಕಲ್ಲು ನೋಡಿದಳು, ಅವನನ್ನು ನೋಡಿದಳು.
"ಮೂರು ಕಲ್ಲು ಇತ್ತಲ್ಲ" ಅಂದಳು.

ಅವನು ಕೂತ.
ಡಬ್ಬಿಯ ಮುಚ್ಚಳದಲ್ಲಿ ಕೊಟ್ಟದ್ದನ್ನು ಕುಡಿದ.
ಸಕ್ಕರೆ ಸಾಲದು ಅಂದ.
ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು,
ಅವಳಿಗೆ ಕೇಳಿಸಲಿಲ್ಲ.