ತಿ ತೆಗೆದು

ಊರ ಹೆಸರು ಕಾಲಿಮಾತಿ.
ಅಂದರೆ ಸತ್ತ ಹೊಳೆ.
ಡಚ್ಚರ ಕಾಲದಲ್ಲೋ ಆಮೇಲೋ ಯಾರೋ ನೀರನ್ನು
ಸಕ್ಕರೆ ಕಾರ್ಖಾನೆಯ ಕಡೆ ತಿರುಗಿಸಿದರಂತೆ.
ಹೊಳೆ ಹೋಯಿತು, ಅದರ ಸೊಂಟದ ಬಳುಕು ಉಳಿಯಿತು.
ಆ ಬಳುಕಿನ ಗುಂಟ ನಾವು ನಲವತ್ತೊಂದು ಮನೆ,
ನಮಾಜಿಗೊಂದು ಕೋಣೆ,
ಬಾತುಕೋಳಿಗೆ ಲೆಕ್ಕವಿಲ್ಲ.

ನಾನು ದಾರ್ಕಿಮ್, ಬೋರ್ಡು ಬರೆಯುವವ.
ಟೆಂಪೆ ಕರಿಯುವ ಅಂಗಡಿ, ಟೈರಿಗೆ ಗಾಳಿ, ಚುನಾವಣೆ, ಸುನ್ನತಿ
ಎಲ್ಲಕ್ಕೂ ನನ್ನದೇ ಕೈಬರಹ.
ಫ್ಲೆಕ್ಸು ಬಂದ ಮೇಲೆ ಕೆಲಸ ಕಮ್ಮಿ. ಆದರೂ
ಫ್ಲೆಕ್ಸು ಹರಿದು ಮೇಕೆಗೆ ಮಾಡಾಗುತ್ತದೆ,
ತಗಡು ನಿಲ್ಲುತ್ತದೆ.
ಈ ವರ್ಷ ಬರೆದದ್ದು ಬಹುತೇಕ ಒಂದೇ ಮಾತು:
ಈ ಜಾಗ ಮಾರಾಟಕ್ಕಿದೆ.
ಈಗ ಕಣ್ಣು ಮುಚ್ಚಿ ಬರೆಯಬಲ್ಲೆ.

ಟೋಲ್ ರಸ್ತೆ ಇಲ್ಲೇ ಇಳಿಯುತ್ತದಂತೆ.
ಎಲ್ಲಿ ಅಂದರೆ ಒಬ್ಬ ಕಾರ್ಸುಮ್‌ಳ ಈರುಳ್ಳಿ ಹೊಲ ತೋರಿಸುತ್ತಾನೆ,
ಇನ್ನೊಬ್ಬ ಗೋರಿಗಳ ಕಡೆ.
ಎರಡೂ ಕಡೆ ದರ ಏರಿದೆ.
ಹೋದ ವರ್ಷ ಒಂದು ಮೀಟರು ನೆಲಕ್ಕೆ ಹತ್ತು ಕಿಲೋ ಈರುಳ್ಳಿ,
ಈಗ ಮೂವತ್ತು.
ಹೀಗೆ ಲೆಕ್ಕ ಹಾಕುವವಳು ಕಾರ್ಸುಮ್ ಒಬ್ಬಳೇ.
ರುಪಿಯಾದ ಸೊನ್ನೆಗಳನ್ನು ಎಣಿಸಿದರೆ
ಅವಳಿಗೆ ತೂಕಡಿಕೆ ಬರುತ್ತದೆ.

ಕಂಪನಿಯ ಹುಡುಗ ಫಹ್ರೋಜಿ ಬಂದ,
ಬೂಟಿಗೆ ಕೆಸರು ತಾಗದ ಹಾಗೆ ಬೈಕಿನ ಮೇಲೆ ಕಾಲೆತ್ತಿಕೊಂಡು.
“ಸತ್ತ ಹೊಳೆಯಲ್ಲಿ ಯಾರು ಮನೆ ಕೊಳ್ಳುತ್ತಾರೆ, ಪಾಕ್?
ತಿ ತೆಗೆಯಿರಿ, ಸ್ ಬರೆಯಿರಿ.”
ಕಾಲಿಮಾಸ್. ಚಿನ್ನದ ಹೊಳೆ.
ಸಾವಿನಿಂದ ಚಿನ್ನಕ್ಕೆ ಒಂದಕ್ಷರ ದೂರ,
ಬಿಳಿ ಬಣ್ಣ ಕಾಲು ಲೀಟರು,
ಹಳದಿ ಅದಕ್ಕಿಂತ ಕಮ್ಮಿ.
ಮುಂಗಡ ಕೊಟ್ಟ.
ಮಗಳ ಶಾಲೆಯ ಬಾಕಿಯಿತ್ತು, ತಕ್ಕೊಂಡೆ.

ಭಾನುವಾರ ಪಟ್ಟಣದಿಂದ ಜನ.
ಕಾರ್ಖಾನೆಯಲ್ಲಿ ಪಾಳಿ ಮಾಡುವವರು, ಹೊಸದಾಗಿ ಮದುವೆಯಾದವರು.
ಆರು ಮೀಟರು ಅಗಲ, ಹನ್ನೆರಡು ಉದ್ದ,
ಸುಣ್ಣದ ಗೆರೆಯೊಳಗೆ ನಿಂತು
ಇಲ್ಲಿ ಒಲೆ, ಇಲ್ಲಿ ಮಂಚ ಅಂತ ಹೆಜ್ಜೆ ಅಳೆಯುತ್ತಾರೆ.
ಹದಿನೈದು ವರ್ಷ ಕಂತು.
ಒಬ್ಬಳು, ತುಂಬಿದ ಬಸುರಿ,
ಚಪ್ಪಲಿ ಕಳಚಿಟ್ಟು ಗೆರೆ ದಾಟಿದಳು
ಗೋಡೆಯೇ ಇಲ್ಲದ ಮನೆಯೊಳಕ್ಕೆ.
ಗಂಡ ನಕ್ಕ. ನನಗೆ ನಗು ಬರಲಿಲ್ಲ.
ಏಣಿಯ ಮೇಲಿದ್ದ ನನ್ನನ್ನೇ ಕೇಳಿದಳು:
ಇಲ್ಲಿ ನೀರು ಬರುತ್ತದಾ?

ಅವಳು ಕೇಳಿದ್ದು ನಲ್ಲಿ ನೀರು.
ಬರುತ್ತದೆ, ಅಂದೆ.

ಜನವರಿಯ ಯಾವುದೋ ರಾತ್ರಿ
ಹೊಳೆ ತನ್ನ ಹಾಸಿಗೆ ಹುಡುಕಿಕೊಂಡು ಬರುತ್ತದೆ.
ಬಾತುಗಳಿಗೆ ಮೊದಲು ಗೊತ್ತು.
ಅವುಗಳ ಗದ್ದಲಕ್ಕೆ ಎದ್ದು ನಾವು
ಅಕ್ಕಿ ಡಬ್ಬ ಮೇಜಿನ ಮೇಲೆ, ಮೇಜು ಮಂಚದ ಮೇಲೆ,
ಮಕ್ಕಳನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇವೆ.
ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ನಿಂತು ಟೀ ಕುಡಿಯುತ್ತೇವೆ.
ನಮಗೆ ರೂಢಿ. ಕಂತಿಲ್ಲ.

ಕಾರ್ಸುಮ್ ಹೊಲ ಕೊಟ್ಟಳು.
ಹೆಬ್ಬೆಟ್ಟೊತ್ತಿದ ಕಾಗದ ಈರುಳ್ಳಿ ನಾತ ಹೊಡೆಯಿತಂತೆ,
ಗುಮಾಸ್ತ ಮೂಗೊರೆಸಿಕೊಂಡ, ಅತ್ತ ಅಂತ ಇವಳು ಹೇಳುತ್ತಾಳೆ.
ಹಣ ಕಟ್ಟಿ ಹಜ್‌ಗೆ ಹೆಸರು ಬರೆಸಿದ್ದಾಳೆ.
ಸರದಿ ಬರುವುದು ಇಪ್ಪತ್ತಾರು ವರ್ಷ ಕಳೆದು,
ಈಗ ಅವಳಿಗೆ ಅರವತ್ತೆರಡು.
“ಅವಸರವೇನು” ಎಂದು
ಕೂಲಿಗೆ ಬೇರೆಯವರ ಈರುಳ್ಳಿ ಸುಲಿಯುತ್ತಾಳೆ
ತನ್ನದೇ ಹಳೇ ಬದುವಿನ ಮೇಲೆ ಕೂತು.

ಫಹ್ರೋಜಿ ಕೊಟ್ಟದ್ದು ಎರಡು ಸಲ ಬಳಿಯುವ ದುಡ್ಡು.
ತಿಯ ಮೇಲೆ ಬಿಳಿ, ಒಣಗಿದ ಮೇಲೆ ಮತ್ತೆ ಬಿಳಿ,
ಆಮೇಲೆ ಚಿನ್ನ.
ನಾನು ಒಂದೇ ಸಲ ಬಳಿದೆ.
ದುಡ್ಡು ಉಳಿಸಲಿಕ್ಕೆ, ಎಂದೆ ಹೆಂಡತಿಗೆ.
ಅವಳು ಕುಂಚ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.
ಈ ಬಣ್ಣ ನನಗೆ ಗೊತ್ತು.
ಎರಡು ಮಳೆ ಸಾಕು.

ಆದರೆ ಆ ಹುಡುಗಿ
ಮಳೆಗೆ ಮುಂಚೆಯೇ ಸಹಿ ಹಾಕುತ್ತಾಳೆ.