ನಡಾವಳಿಗೆ ಸೇರದ್ದು

ಬುಧವಾರ, ಸಂಜೆ ಏಳು. ಬರ್ನಿ ಊರು, ತಗಡಿನ ಹಾಲ್.
ಹಾಜರಿದ್ದವರು ಆರು ಜನ.
ಬರಲಾಗದೆಂದು ಹೇಳಿಕಳಿಸಿದವರು ಇಬ್ಬರು, ಹೇಳದವರು ಒಬ್ಬರು.
ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದೆ.
ಮಿಕ್ಕದ್ದು ಹಾಳೆಯ ಅಂಚಿಗೆ, ಕನ್ನಡದಲ್ಲಿ,
ಇಲ್ಲಿ ಯಾರೂ ಓದಲಾರರೆಂಬ ಧೈರ್ಯದಲ್ಲಿ.

ನನಗೆ ಯಾವ ವಾದ್ಯವೂ ಬಾರದು.
ಮಗಳನ್ನು ಒಳಗೆ ಬಿಟ್ಟು ಕಾರಿನಲ್ಲೇ ಕೂತಿರುತ್ತಿದ್ದೆ,
ಜುಲೈ ಚಳಿಗೆ ಕೈ ಬಗಲಲ್ಲಿಟ್ಟು.
ಒಂದು ರಾತ್ರಿ ನೊರೀನ್ ಗೇಟನ್‌ಬಿ ಗಾಜು ತಟ್ಟಿದಳು:
‘ನಿನ್ನ ಅಕ್ಷರ ಚೆನ್ನಾಗಿದೆಯಾ?’
ಇದೆ ಅಂದೆ. ಕಾರ್ಯದರ್ಶಿಯಾದೆ.
ಒಂಬತ್ತು ವರ್ಷ.
ಮಗಳು ಕಾರ್ನೆಟ್ ಬಿಟ್ಟು ಹೋಬಾರ್ಟ್ ಸೇರಿದಳು.
ನನಗೆ ಇನ್ನೂ ಬುಧವಾರ ಬರುತ್ತದೆ.

ವಿಷಯ ಒಂದು: ಸೋರುವ ಮಾಡು.
ಸರಿಯಾಗಿ ಮೂರನೇ ಕಾರ್ನೆಟ್ಟಿನ ಕುರ್ಚಿಯ ಮೇಲೆ.
ಏಣಿ ತರುತ್ತೇನೆಂದ ವಿಮ್ ಹೂಕ್‌ಸ್ಟ್ರಾ.
ಎಂಬತ್ತೊಂದು ಅವನಿಗೆ, ಏಣಿಗೂ ಹೆಚ್ಚುಕಡಿಮೆ ಅಷ್ಟೇ.
ಹತ್ತಕೂಡದೆಂದು ಠರಾವಾಯಿತು, ಸರ್ವಾನುಮತ.
(ಆಮೇಲೆ ಸೇರಿಸಿದ್ದು: ಶನಿವಾರ ಹತ್ತಿಯೇ ಬಿಟ್ಟ.
ಕೆಳಗೆ ಏಣಿ ಹಿಡಿದು ನಿಂತವಳು ನಾನು.)

ವಿಷಯ ಎರಡು: ಲೆಕ್ಕ.
ಕ್ಲೈವ್ ಕಾಗದದ ಗಿರಣಿಯಲ್ಲಿ ಗುಮಾಸ್ತನಾಗಿದ್ದವನು.
ಗಿರಣಿ ಮುಚ್ಚಿತು, ಅದರ ಲೆಡ್ಜರ್ ಹಾಳೆ ಮುಗಿದಿಲ್ಲ.
ಸಾಸೇಜ್ ಸುಟ್ಟು ಮಾರಿ ಬಂದದ್ದು ನಾನೂರ ಹನ್ನೆರಡು ಡಾಲರ್,
ಈರುಳ್ಳಿಗೆ ಹೋದದ್ದು ಮೂವತ್ತು.
ಮಾಂಸ ಮುಟ್ಟದವಳೆಂದು
ಈರುಳ್ಳಿಯಷ್ಟನ್ನೂ ನನ್ನ ಮುಂದೆ ಸುರಿದಿದ್ದರು.
ಆ ದುಡ್ಡಲ್ಲಿ ಟ್ಯೂಬಾದ ನೆಗ್ಗು ತೆಗೆಸಿದೆವು.
ಈಗ ಅದು ಕೆಳಗಿನ ಸ್ವರ ಹಿಡಿದಾಗಲೆಲ್ಲ
ನನಗೆ ಕಣ್ಣುರಿ.

ವಿಷಯ ಮೂರು: ಬೀಗದ ಕೈ.
ಒಂದು ನೊರೀನಳ ಹತ್ತಿರ, ಒಂದು ಕಳೆದಿದೆ,
ಒಂದು ಹೂಕುಂಡದ ಕೆಳಗೆ, ಊರಿಗೆಲ್ಲ ಗೊತ್ತಿರುವ ಗುಟ್ಟು.
ಇಷ್ಟು ವರ್ಷಕ್ಕೆ ಕಳುವಾದದ್ದು ಒಂದು ಕೆಟಲ್.
ಅದನ್ನೂ ಯಾರೋ ತೊಳೆದು ತಂದಿಟ್ಟರು.

ವಿಷಯ ನಾಲ್ಕು: ಮರ್ವ್‌ನ ಹಾಳೆ.
ಹರಿದ ಪುಟಗಳಿಗೆ ಪಟ್ಟಿ ಅಂಟಿಸುವ ಐಲ್ಸಾ
ಯುಫೋನಿಯಮ್ಮಿನ ಕಡತ ಮೇಜಿನ ಮೇಲೆ ಬಿಡಿಸಿಟ್ಟಳು.
ಸ್ವರಗಳ ನೆತ್ತಿಯ ಮೇಲೆ ಪೆನ್ಸಿಲ್ ಗುರುತು: ಇಲ್ಲಿ ಉಸಿರು.
ಹಳೆಯ ಹಾಳೆಗಳಲ್ಲಿ ನಾಲ್ಕು ಸಾಲಿಗೊಂದು.
ಆಮೇಲೆ ಎರಡಕ್ಕೊಂದು.
ಕೊನೆಯ ಚಳಿಗಾಲದ ಮೆರವಣಿಗೆಯ ಪಾಠದಲ್ಲಿ
ಸಾಲಿಗೆ ಮೂರು.
ಅಂಚಿನಲ್ಲೊಂದು ಕಡೆ: ಮನೆಗೆ ಹೋಗ್ತಾ ಬ್ರೆಡ್ಡು.

ಆ ಕುರ್ಚಿಗೆ ಈಗ ಹದಿಮೂರರ ಮರ್ಜಿಯಾ ಬಂದಿದ್ದಾಳೆ.
ಗಟ್ಟಿ ಎದೆಯ ಹುಡುಗಿ ಇಷ್ಟು ಸಲ ಉಸಿರೆಳೆದರೆ
ರಾಗ ಚೂರುಚೂರು, ಅಳಿಸಿಬಿಡಿ,
ಎಂದ ಬ್ಯಾಂಡ್ ನಡೆಸುವ ಗ್ರೆವಿಲ್. ತಪ್ಪೇನಲ್ಲ.
ಪರವಾಗಿ ಮೂರು ಕೈ, ವಿರುದ್ಧ ಮೂರು.
ಎತ್ತಿದವರ ಹೆಸರು ಬರೆಯುವ ಪದ್ಧತಿಯಿಲ್ಲ,
ಸದ್ಯ, ಒಳ್ಳೆಯ ಪದ್ಧತಿ.
ನಿರ್ಣಾಯಕ ಮತ ಅಧ್ಯಕ್ಷೆಯದು.
ನೊರೀನ್ ರಬ್ಬರನ್ನು ಒಮ್ಮೆ ನೋಡಿದಳು,
‘ನೀರು ಕುದೀತಿದೆ’ ಎಂದು ಎದ್ದು ಹೋದಳು.
ಕುದಿಯುತ್ತಿರಲಿಲ್ಲ.
ಮುಂದೂಡಲಾಗಿದೆ, ಎಂದು ಬರೆದೆ.

ಅಭ್ಯಾಸ ಶುರುವಾಗಿ ನಾನು ಕಪ್ಪು ತೊಳೆಯುತ್ತಿದ್ದೆ.
ಬೆನ್ನ ಹಿಂದೆ ಹುಡುಗಿ ಆ ಹಾಳೆ ನುಡಿಸಿದಳು.
ಯಾರೂ ಹೇಳಲಿಲ್ಲ, ಆದರೂ
ಬೇಕಿಲ್ಲದ ಕಡೆಯೆಲ್ಲ ನಿಂತು,
ಮರ್ವ್ ಎಳೆದಲ್ಲೆಲ್ಲ ಎಳೆದು.
ನಲ್ಲಿ ನಿಲ್ಲಿಸಿದೆ.
ರಾಗ ಕೆಟ್ಟಿತ್ತು, ನಿಜ.
ಗ್ರೆವಿಲ್ ಕೋಲು ಎತ್ತಿದವನು ಎತ್ತಿಯೇ ಇದ್ದ.

ಒಂಬತ್ತೂ ಇಪ್ಪತ್ತಕ್ಕೆ ಸಭೆ ಮುಗಿದದ್ದು ಎಂದು ಬರೆದಿದ್ದೇನೆ.
ಹೊರಗೆ ಜಲಸಂಧಿಯ ಗಾಳಿ.
ಮೋಟು ಪೆಂಗ್ವಿನ್‌ಗಳು ಕತ್ತಲಾದ ಮೇಲೆ ದಡ ಹತ್ತುವ ಕಾಲ.
ಕ್ಲೈವ್ ಕಾರಿನ ದೀಪ ಆರಿಸಿ ಕಾಯುತ್ತಾನೆ,
ಅವನ್ನೂ ಎಣಿಸಿಕೊಳ್ಳುತ್ತಾನೆ.
ಬೀಗ ಹಾಕಿ ಕೈಯನ್ನು ಕುಂಡದಡಿ ತಳ್ಳಿದೆ.

ಮುಂದಿನ ಸಭೆ: ಬುಧವಾರ.
ಏಣಿ: ವಿಮ್ ತರಕೂಡದು.
ರಬ್ಬರ್: ನನ್ನ ಚೀಲದಲ್ಲಿದೆ, ಯಾರೂ ಕೇಳಿಲ್ಲ.
ಈರುಳ್ಳಿ: ನಾನೇ.