ಮುಯ್ಯಾಳು

ಸತ್ತವರ ಹಬ್ಬಕ್ಕೆ ಇನ್ನು ಐದು ದಿನ.
ಕತ್ತಿ ಮಸೆದಿದ್ದೇನೆ. ಹುಲ್ಲು ಸೊಂಟ ಮುಟ್ಟಿದೆ.
ಶಿರಿಯಾ ಹೊಳೆಯ ಈಚೆಗೆ, ಇಗರ್ಜಿಯ ಹಿಂದೆ,
ಮುರಕಲ್ಲಿನ ಗೋಡೆಯ ಬುಡದಲ್ಲಿ
ಮೂರು ಪರದೇಶಿ ಗೋರಿ.
ಎರಡರ ಹೆಸರು ಪಾಚಿ ತಿಂದಿದೆ.
ಮೂರನೆಯದರಲ್ಲಿ ಎಜಿದಿಯೊ ಅಂತ ಈಗಲೂ ಸಿಗುತ್ತದೆ,
ಬೆರಳಾಡಿಸಿದರೆ.

ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು,
ರೇಷನ್ ಅಂಗಡಿಯಲ್ಲಿ ಮಲಯಾಳ;
ಗುಂಡಿಯ ಲೆಕ್ಕ ಮಾತ್ರ ಕನ್ನಡದಲ್ಲಿ,
ಅಪ್ಪ ಬರೆದ ಹಾಗೇ: ಹೆಸರು, ಉದ್ದ, ಅಗಲ, ಕೂಲಿ.
ಎಜಿದಿಯೊ ಪಾದ್ರಿಯ ಸಾಲಿನಲ್ಲಿ
ಉದ್ದ ಆರೂಮುಕ್ಕಾಲು ಅಡಿ.
ಕೂಲಿ ಇಲ್ಲ.

ಸಂತನೇನಲ್ಲ ಆತ.
ಸಿಟ್ಟು ಬಂದರೆ ಪೂಜೆ ನಿಲ್ಲಿಸಿ ಹಿಂದಿನ ಬೆಂಚಿಗೆ ಬೈಯುವವ.
ಕೋಳಿ ಅಂಕಕ್ಕೆ ಹೋದ ಅಪ್ಪನನ್ನು
ಮೂರು ಭಾನುವಾರ ಬಾಗಿಲಲ್ಲಿ ಮೊಣಕಾಲೂರಿಸಿದ,
ಬಗಲಲ್ಲಿ ಹುಂಜ ಸಮೇತ.
ಪೇದ್ರು ಗುರುವನ್ನು ಅರಿಯೆನೆಂದ ಪಾಠ ಓದುವಾಗ
ಹುಂಜ ಸರಿಯಾಗಿ ಕೂಗಿತಂತೆ.
ಮೊದಲು ನಕ್ಕದ್ದು ಪಾದ್ರಿಯೇ.

ಉಂಡಿಯಾ ಅನ್ನಲು ಅವನಿಗೆ ಕೊನೆಗೂ ಬರಲಿಲ್ಲ.
ಉಳಿದಿಯಾ ಅನ್ನುತ್ತಿದ್ದ. ಮಕ್ಕಳಾದ ನಾವು ಅಣಕಿಸುತ್ತಿದ್ದೆವು.
ಚಳಿಜ್ವರದ ವರ್ಷ ಆ ತಪ್ಪೇ ಸರಿಯಾಯಿತು.
ಗುಳಿಗೆಯ ಡಬ್ಬಿ ಹಿಡಿದು, ಬ್ಯಾರಿಗಳ ಕೇರಿ, ಮೊಗೇರರ ಗುಡ್ಡೆ,
ಯಾರ ಮೆಟ್ಟಿಲಾದರೂ ಸರಿ, ಕೆಳಗೆ ನಿಂತು
ಉಳಿದಿಯಾ? ಉಳಿದಿಯಾ?

ಸಾಯುವ ರಾತ್ರಿ ಮೊದಲು ಕನ್ನಡ ಹೋಯಿತು,
ಆಮೇಲೆ ಕೊಂಕಣಿ, ಬೆಳಗಿನ ಜಾವಕ್ಕೆ ಲ್ಯಾಟಿನ್.
ಉಳಿದದ್ದು ಒಂದೇ ಮಾತು. ನೇವೆ, ನೇವೆ.
ಬೋಗುಣಿ ಹಿಡಿದು ಕೂತ ಅಪ್ಪನಿಗೆ ಕೇಳಿಸಿದ್ದು ನೊವೆಂ,
ಹೊಸ ತೆನೆಯ ಊಟ. ಸೆಪ್ಟೆಂಬರು ಬೇರೆ.
ಕತ್ತಲಲ್ಲೇ ಗದ್ದೆಗಿಳಿದು
ಹಾಲುಗಟ್ಟಿದ ಒಂದು ತೆನೆ ತಂದು ಮುಷ್ಟಿಯಲ್ಲಿಟ್ಟರು.
ಮತ್ತೆ ಬಿಡಿಸಲಾಗಲಿಲ್ಲ. ತೆನೆಯ ಜೊತೆಗೇ ಇಳಿಸಿದ್ದು.

ನಲವತ್ತು ವರ್ಷ ಕಳೆದು
ರೋಮಿನಲ್ಲಿ ಓದಿ ಬಂದ ಚಿಕ್ಕ ಪಾದ್ರಿ ಹೇಳಿದರು:
ಬಲ್ತಸಾರ, ನೇವೆ ಅಂದರೆ ಹಿಮ.
ಅಪ್ಪ ಆಗ ಇರಲಿಲ್ಲ. ಒಳ್ಳೆಯದೇ ಆಯಿತು.

ಎಜಿದಿಯೊನ ತಾಯಿ ಬರೆದ ಕಾಗದಗಳ ಸ್ಟಾಂಪು
ನೆನೆಸಿ ನೆನೆಸಿ ಬಿಡಿಸಿಕೊಳ್ಳುತ್ತಿದ್ದವ
ಮೊಂತೇರೊ ಮನೆಯ ಬೊನಿಫಾಸ, ನನ್ನ ಬೆಂಚಿನವ.
ಆ ಸ್ಟಾಂಪುಗಳ ಹಿಂದೆಯೇ ಹೊರಟುಹೋದ:
ಸೆಮಿನರಿ, ಹಡಗು, ತಾಂಜಾನಿಯಾ.
ಮೂವತ್ತೊಂದು ವರ್ಷದಲ್ಲಿ ಮೂರು ಸಲ ಬಂದ.
ಮೂರನೆಯ ಸಲ ಗಂಜಿಯ ಮುಂದೆ ಕೂತು
ಸ್ವಲ್ಪ ಚುಂವಿ ಕೊಡು ಅಂದ.
ಸೆರಫಿನಾ ಬಾಯಿ ಸೌಟು ಕೆಳಗಿಟ್ಟರು.
ಉಪ್ಪು ಕೇಳಲಿಕ್ಕೂ ನನ್ನ ಮಗನಿಗೆ ಬೇರೆಯವರ ಬಾಯಿಯೇ?
ಅವನು ನಕ್ಕ. ಆಕೆ ನಗಲಿಲ್ಲ.
ಸಪ್ಪೆ ಗಂಜಿಯನ್ನೇ ಉಂಡೆದ್ದ.

ಅವನ ಗುಂಡಿ ನಾನು ತೋಡಿದ್ದಲ್ಲ.
ನನ್ನ ಪುಸ್ತಕದಲ್ಲಿ ಅವನಿಗೆ ಸಾಲಿಲ್ಲ.
ಎರಡು ತಿಂಗಳು ತಡವಾಗಿ ಕಾಗದ ಬಂದಾಗ
ಆ ಮುದುಕಿ ನನ್ನನ್ನು ಕರೆಸಿ ಕೇಳಿದ್ದು ಇಷ್ಟೇ:
ಅಲ್ಲಿ ಹುಲ್ಲು ಯಾರು ಕೊಯ್ಯುತ್ತಾರೆ?

ನನಗೇನು ಗೊತ್ತು.
ಇದ್ದಾನು ಯಾರೋ. ನನ್ನಂಥವ, ಬೆನ್ನುನೋವಿನವ,
ಬೊನಿಫಾಸನ ತಪ್ಪು ಮಾತುಗಳನ್ನು
ಇನ್ನೂ ಅಣಕಿಸಿ ನಗಿಸುವವ.
ನಿನ್ನ ಗದ್ದೆಗೆ ಇವತ್ತು ನಾನು, ನನ್ನದಕ್ಕೆ ನಾಳೆ ನೀನು,
ದುಡ್ಡಿನ ಮಾತೇ ಇಲ್ಲ. ನಮ್ಮಲ್ಲಿ ಮುಯ್ಯಾಳು ಎಂದರೆ ಇದು.
ಆದರೆ ಮುಯ್ಯಾಳಿನ ಮುಖ ನೋಡಿರುತ್ತೇವೆ,
ಒಂದೇ ಬದುವಿನಲ್ಲಿ ಕೂತು ಬೀಡಿ ಹಚ್ಚಿರುತ್ತೇವೆ.
ಇವನನ್ನು ಎಲ್ಲಿ ಹುಡುಕಲಿ?
ಸುಮ್ಮನೆ ಎಜಿದಿಯೊನ ಮೇಲಿನ ಹುಲ್ಲು
ಬುಡಕ್ಕೆ ತಾಗಿಸಿ, ನೀಟಾಗಿ ಕೊಯ್ಯುತ್ತೇನೆ.

ಹಿಮ ನಾನು ಕಂಡವನಲ್ಲ.
ನಿನ್ನೆ ಉಪ್ಪಳದ ಮೀನಿನ ಟೆಂಪೋದವನಲ್ಲಿ
ಒಂದು ಹೆಂಟೆ ಐಸು ಕೇಳಿ ತಂದೆ,
ಓಡೋಡಿ ಬಂದು ಕಲ್ಲಿನ ಮೇಲಿಟ್ಟೆ.
ಬಂಗುಡೆ ವಾಸನೆಯ ಹಿಮ.
ಶಿಲುಬೆಯ ಗುರುತು ಮಾಡಿ, ಒಂದು ಜಪ ಮುಗಿಸುವುದರೊಳಗೆ ನೀರು.
ಇಗರ್ಜಿಯ ಬೆಕ್ಕು ಬಂದು
ಆ ಹೆಸರನ್ನು ನಿಧಾನವಾಗಿ ನೆಕ್ಕಿತು.